ಬೇಚರಾಕ್

ಶಿವಮೊಗ್ಗದ ವಕೀಲ ಪ್ರಸನ್ನಕುಮಾರರಿಗೆ ಇಂಗ್ಲಿಷಿನ ಚಪಲ. ಖಾಲಿಯನ್ನು ಖಾಲಿ ಎಂದುಬಿಟ್ಟರೆ ಅವರ ಕರಿ ಕೋಟಿಗೆ ಅವಮಾನ. ಭದ್ರಾವತಿಯಲ್ಲಿ ಮುಚ್ಚಿಹೋದ ಕಾರ್ಖಾನೆಯೊಂದರ ಪರವಾಗಿ ಅವರು ಬರೆದ ಅರ್ಜಿಯಲ್ಲಿ, ಕೆಲಸಗಾರರ ಕ್ವಾರ್ಟರ್ಸ್ 'ಡಿಸ್‌ಪೀಪಲ್ಡ್' ಆಗಿದೆ, ಕೆಡವಲು ಅಪ್ಪಣೆಯಾಗಬೇಕು ಎಂದಿತ್ತು. ಅದನ್ನು ಕನ್ನಡಕ್ಕೆ ತರುವ ಕೆಲಸ ಅವರ ಆಫೀಸಿನ ಇಂಪನಾಳದು. ಆ ಕ್ವಾರ್ಟರ್ಸಿನ ಕೊನೆಯ ಮನೆಯಲ್ಲಿ ಅವಳ ಸೋದರತ್ತೆ ಹಾಲಮ್ಮ ಇನ್ನೂ ಇಡ್ಲಿ ಬೇಯಿಸಿ ಮಾರುತ್ತಿದ್ದಳು.

ಇಂಪನಾ ನಿಘಂಟು ತೆರೆದಳು. ಲ್ಯಾಟಿನ್ನಿನಲ್ಲಿ 'ಪಾಪ್ಯುಲಸ್' ಅಂದರೆ ಜನ. ಫ್ರೆಂಚರು ಅದನ್ನು ತಿರುಚಿ, ಮುಂದೊಂದು 'ಇಲ್ಲ' ಅಂಟಿಸಿದರು, ಇಂಗ್ಲಿಷಿನವರು ಎತ್ತಿಕೊಂಡರು. ಒಂದು ಜಾಗದಲ್ಲಿ ಜನವೇ ಇಲ್ಲದಂತೆ ಮಾಡು ಎಂದು ಅರ್ಥ. ತಾನಾಗಿ ಆಗುವ ಕ್ರಿಯೆಯಲ್ಲ, ಮಾಡುವವರು ಯಾರಾದರೂ ಬೇಕು.

"ಸರ್, 'ಜನರನ್ನು ಖಾಲಿ ಮಾಡಿಸಲಾಗಿದೆ' ಅಂತ ಬರೀಲಾ?"

"ಯಾರು ಮಾಡಿಸಿದ್ರು ಅಂತ ಕೇಳ್ತಾರಲ್ಲ ಮಾರಾಯ್ತಿ! ಬೇಚರಾಕ್ ಅಂತ ಹಾಕು. ಕಂದಾಯದವರ ಹಳೇ ಮಾತು. ಬೇ ಅಂದ್ರೆ ಇಲ್ಲ, ಚಿರಾಗ್ ಅಂದ್ರೆ ದೀಪ. ದೀಪ ಹಚ್ಚೋರಿಲ್ಲದ ಜಾಗ. ಯಾರೋ ಇಡ್ಲಿ ಮಾರೋಳು ಒಬ್ಬಳು ಇದಾಳಂತೆ, ಅವಳೇನು ಲೆಕ್ಕ?"

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಹಾಗಾದರೆ ಆ ಮನೆಗಳ ಕರೆಂಟು ಕಿತ್ತವರು, ನಲ್ಲಿ ನಿಲ್ಲಿಸಿದವರು ಯಾರು? ಇಂಪನಾಳಿಗೆ ಮೈ ಉರಿಯಿತು. ಆದರೂ ಬೇಚರಾಕ್ ಎಂದೇ ಬರೆದಳು, ಕೆಲಸ ಹೋದೀತೆಂಬ ಭಯ. ಉಂಡ ಮನೆಗೆ ಎರಡು ಬಗೆಯಬಾರದು, ನಿಜ. ಆದರೆ ಅವಳು ಉಂಡು ಬೆಳೆದದ್ದು ಹಾಲಮ್ಮನ ಮನೆಯಲ್ಲಿ. ಭಾನುವಾರ ಭದ್ರಾವತಿ ಬಸ್ಸು ಹತ್ತಿ ಹೋಗಿ ಎಲ್ಲ ಹೇಳಿದಳು.

ಹಾಲಮ್ಮ ಹಿಟ್ಟು ಕಲಸುತ್ತಲೇ ಕೇಳಿಸಿಕೊಂಡಳು. "ದೀಪ ಇದ್ರೆ ಆ ಮಾತು ಸುಳ್ಳಾಗುತ್ತೇನೇ?"

"ಆಗುತ್ತೆ ಅತ್ತೆ."

ಸ್ಥಳ ನೋಡಲು ಅಧಿಕಾರಿ ಬಂದದ್ದು ಸುಡುಸುಡು ಮಧ್ಯಾಹ್ನ. ಜೊತೆಗೆ ವಕೀಲರು, ಹಿಂದೆ ಫೈಲು ಹಿಡಿದ ಇಂಪನಾ. ಬಾಗಿಲು ಕಿತ್ತುಹೋದ ಮನೆಗಳ ಹೊಸ್ತಿಲ ಮೇಲೆಲ್ಲ ಹಣತೆ ಉರಿಯುತ್ತಿತ್ತು.

"ಹಗಲ ಹೊತ್ನಲ್ಲಿ ದೀಪ ಯಾಕಮ್ಮ?" ಅಧಿಕಾರಿ ಕೇಳಿದರು.

"ಕತ್ಲಾಗೋವರ್ಗೂ ನೀವಿರಲ್ವಲ್ಲ ಸ್ವಾಮಿ," ಎಂದಳು ಹಾಲಮ್ಮ. "ದೀಪ ಹಚ್ಚೋರೇ ಇಲ್ಲ ಅಂತ ಬರ್ದಿದಾರಂತೆ."

ಅಧಿಕಾರಿ ಇಂಪನಾಳ ಕೈಯಿಂದ ಫೈಲು ತೆಗೆದುಕೊಂಡು, ಬೇಚರಾಕ್ ಎಂಬ ಪದದ ಮೇಲೆ ಒಂದು ಗೀಟು ಎಳೆದರು.

ವಕೀಲರ ಮುಖ ಕೆಂಪಾಯಿತು. "ಈ ಹೆಂಗಸಿಗೆ ಇದನ್ನೆಲ್ಲ ಹೇಳಿಕೊಡಲಾಗಿದೆ!"

"ನಾನೇ ಹೇಳಿಕೊಟ್ಟೆ ಸರ್," ಎಂದಳು ಇಂಪನಾ. "ಅವರು ನಮ್ಮತ್ತೆ."