ತೊಟ್ಟಿಲಿನಿಂದ ಮಾರು ದೂರ

ಗಂಟಲಲ್ಲಿ ಅದೇನೋ ಕೆರೆತ, ಧೂಳೇ ಇರಬೇಕು, ಮುಂದಿನ ಟಿಪ್ಪರ್ ಲಾರಿ ಜಲ್ಲಿ ಉದುರಿಸುತ್ತಾ ಹೋಗುತ್ತಿದೆ, ಬಸ್ಸಿನ ಕಿಟಕಿ ಬೇರೆ ಮುಚ್ಚುವುದಿಲ್ಲ — ಅನ್ವರ್ ಬೇಗಂ ಎಂಜಲು ನುಂಗಿ ನೋಡಿದಳು, ಮತ್ತೆ ನುಂಗಿದಳು, ಹೊಸಕೋಟೆಯಲ್ಲಿ ಹತ್ತುವಾಗ ಇರಲಿಲ್ಲವಲ್ಲ, ಇತ್ತೇನೋ, ಡ್ಯೂಟಿ ಮುಗಿಸಿ ಮುಖ ತೊಳೆಯುವಾಗಲೇ ಇತ್ತೇನೋ, ಮೈಕೈ ನೋವಂತೂ ವಾರ್ಡಿನ ನರ್ಸಿಗೆ ಯಾವತ್ತೂ ಇದ್ದದ್ದೇ, ಜ್ವರವಿಲ್ಲ, ಹಣೆ ತಣ್ಣಗಿದೆ, ತನ್ನ ಹಣೆ ತಾನೇ ಮುಟ್ಟಿಕೊಂಡರೆ ಏನು ಗೊತ್ತಾಗುತ್ತದೆ. ತೊಡೆಯ ಮೇಲೆ ಹಸಿರು ರೇಷ್ಮೆಯ ಕುಲಾವಿ, ಇವತ್ತು ದೇವನಹಳ್ಳಿಯಲ್ಲಿ ಮಗಳು ತಂಜೀಲಾಗೆ ಹೆರಿಗೆಯ ನಲವತ್ತನೇ ದಿನದ ಸ್ನಾನ, ಸ್ನಾನವಾದ ಮೇಲೆ ಕೂಸನ್ನು ಮೊದಲ ಸಲ ತೊಟ್ಟಿಲಿಗೆ ಹಾಕುವವಳು ಬಾಣಂತಿಯ ತಾಯಿಯೇ, ಮನೆತನದ ರೂಢಿ, ಕೆಮ್ಮಿನ ವಾರ್ಡಿನವಳು ನಾನು, ಹಸಿ ಕೂಸು, ಬೇಡಮ್ಮ ಎಂದು ಇಷ್ಟು ದಿನ ಫೋನಿನಲ್ಲೇ ನೋಡಿದ ಮುಖ, ಇವತ್ತು ಮಡಿಲಿಗೆ ಬರುತ್ತದೆ, ಬರಬೇಕು. ಸೋಂಕು ತಡೆಯುವ ಸೂಜಿ ಹಾಕಿಸಿಕೊಂಡಿದ್ದೇನಲ್ಲ, ಈ ವರ್ಷದ್ದೂ ಆಗಿದೆ, ಹಾಕಿದವಳು ಜೊತೆಯ ನರ್ಸು ಚಂದನ, ತೋಳು ಒರೆಸುತ್ತಾ ನಕ್ಕಿದ್ದಳು — ಅನ್ವರಕ್ಕ, ಈ ಸೂಜಿ ಅಂದ್ರೆ ರೋಗ ಅನ್ನೋ ಕಳ್ಳನ ಹೋದ ವರ್ಷದ ಫೋಟೋ ಕಣಕ್ಕ, ಈಗವನು ಮೀಸೆ ಬಿಟ್ಟಿರ್ತಾನೆ. ಮತ್ಯಾಕೆ ಚುಚ್ತೀಯೇ, ಎಂದು ಕೇಳಿದ್ದಕ್ಕೆ — ಮೀಸೆ ಬಿಟ್ರೂ ಮೂಗು ಅದೇ ಅಲ್ವಾ, ಪೊಲೀಸರು ಪೂರ್ತಿ ಮೋಸ ಹೋಗಲ್ಲ. ಹೋಗುವುದಿಲ್ಲ, ನಿಜ, ಸೂಜಿ ಬರುವುದಕ್ಕೆ ಮುಂಚೆ ಇದೇ ವಾರ್ಡಿನ ಆಯಾ ಗಂಗಲಕ್ಷ್ಮಮ್ಮನನ್ನು ಆಂಬುಲೆನ್ಸಿಗೆ ಹತ್ತಿಸಿದ್ದು, ಅವಳು ಮರಳಿ ಬರಲಿಲ್ಲ, ಈಗ ಮಲಗಿದವರು ಗಂಜಿ ಕುಡಿದು ಎದ್ದು ಬರುತ್ತಾರೆ, ಸೂಜಿ ಸುಳ್ಳಲ್ಲ, ಎದ್ದು ಬರುತ್ತಾರೆ, ಅದೇ — ಎದ್ದು ಓಡಾಡುತ್ತಾರೆ, ಬಸ್ಸು ಹತ್ತುತ್ತಾರೆ, ಮಕ್ಕಳನ್ನು ಎತ್ತಿಕೊಳ್ಳುತ್ತಾರೆ. ಹೋದ ವಾರ ವಾರ್ಡಿಗೆ ಬಂದ ಆ ಹಸುಗೂಸು, ಉಸಿರೆಳೆದಾಗಲೆಲ್ಲ ಪಕ್ಕೆಲುಬುಗಳ ನಡುವೆ ಗುಳಿ, ಮನೇಲಿ ಯಾರಿಗೂ ಏನಿಲ್ಲ ಸಿಸ್ಟರ್, ಅಜ್ಜಿಗೆ ಒಂಚೂರು ಗಂಟಲು ಕೆರೆತ ಅಷ್ಟೆ, ಎಂದಿದ್ದಳು ಅದರ ತಾಯಿ. ಒಂಚೂರು. ಗುಳಿ.

ಯಾವಾಗ ಇಳಿದಳೋ, ಯಾವಾಗ ನಡೆದಳೋ, ಮಗಳ ಮನೆಯ ಅಂಗಳ, ಒಳಗೆ ಲೋಬಾನದ ಹೊಗೆ, ಒದ್ದೆ ತಲೆಗೆ ಬಟ್ಟೆ ಸುತ್ತಿಕೊಂಡ ತಂಜೀಲಾ ಬಾಗಿಲಲ್ಲಿ, ಬನ್ನಿ ಅಮ್ಮಿ, ಎಷ್ಟೊತ್ತು! ಅನ್ವರ್ ಬೇಗಂ ಮಾಸ್ಕ್ ಏರಿಸಿದಳು, ಅಲ್ಲೇ ನಿಲ್ಲಮ್ಮ, ಗಂಟಲು ಸರಿಯಿಲ್ಲ. ಮಗಳ ಮುಖ ಬಿಗಿಯಿತು — ಏನಮ್ಮಿ ನೀವು, ಈ ಬೀದಿಯವರನ್ನೆಲ್ಲ ಎಳ್ಕೊಂಡು ಹೋಗಿ ಸೂಜಿ ಹಾಕ್ಸಿದ್ರಿ, ರೋಗ ಹತ್ತಿರಾನೂ ಸುಳಿಯಲ್ಲ ಅಂದ್ರಿ, ಈಗ ನೀವೇ ಹೆದರ್ತೀರಾ? ಅಂದದ್ದು ಹೌದು, ಹೆದರಿದವರನ್ನು ಒಪ್ಪಿಸಲು ಹಾಗೆ ಅಂದುಬಿಡುತ್ತೇವೆ, ಅದು ನಿಮ್ಮನ್ನು ಕೊಲ್ಲುವುದಿಲ್ಲ, ಆದರೆ ನಿಮ್ಮ ಮೂಗಲ್ಲಿ ಕೂತು ಇನ್ನೊಬ್ಬರ ಮನೆಗೆ ಹೋದೀತು ಎಂದಿದ್ದರೆ ಯಾರು ತೋಳು ಒಡ್ಡುತ್ತಿದ್ದರು, ಪೂರಾ ಹೇಳಲಿಲ್ಲ, ಅರ್ಧ ಹೇಳಿದೆ. ಅಳಿಯ ಉಮರ್ ಹಿಂದಿನಿಂದ ಇಣುಕಿದ, ಒಂದ್ನಿಮಿಷ ಅಮ್ಮಿ, ಎತ್ತಿ ಮಲಗ್ಸಿ ಬಿಡಿ, ಏನಾಗುತ್ತೆ, ನೆಂಟರೆಲ್ಲ ಕಾಯ್ತಾವ್ರೆ. ಒಂದೇ ನಿಮಿಷ, ಮಾಸ್ಕ್ ಹಾಕಿಕೊಂಡೇ, ಉಸಿರು ಬಿಗಿಹಿಡಿದು, ಕೈ ತೊಳೆದು, ಆ ತೂಕ ಹೇಗಿರುತ್ತದೋ, ನೆತ್ತಿಯ ವಾಸನೆ ಹೇಗಿರುತ್ತದೋ — ಕಾಲು ಹೊಸ್ತಿಲಿಗೆ ಹೋಗಿಯೇಬಿಟ್ಟಿತು, ಗುಳಿ, ಕಾಲು ಹಿಂದಕ್ಕೆ ಬಂತು. ನೀನೇ ಹಾಕಮ್ಮ, ನಾನು ಕಿಟಕೀಲಿ ನೋಡ್ತೀನಿ. ಹಾಗೇ ಮಾಡಿ, ಆಸ್ಪತ್ರೆ ಮಕ್ಕಳೇ ನಿಮಗೆ ಮಕ್ಕಳು, ಎಂದು ಒಳಹೋದ ತಂಜೀಲಾ ತಾನೇ ಕೂಸನ್ನು ಮಲಗಿಸಿದಳು, ತಿರುಗಿಯೂ ನೋಡಲಿಲ್ಲ, ಯಾರೋ ತೂಗಿದರು, ಕಿಟಕಿಯ ಸರಳುಗಳ ಈಚೆ ಇವಳು, ಬರಿಮೈಯ ಪುಟ್ಟ ಎದೆ, ಏರಿತು, ಇಳಿಯಿತು, ಪಕ್ಕೆಯಲ್ಲಿ ಅದು ಗುಳಿಯೋ ಸರಳಿನ ನೆರಳೋ, ನೆರಳೇ ಇರಬೇಕು, ಏರಿತು, ಇಳಿಯಿತು, ಅಲ್ಲಿ, ಅದೇ ಜಾಗದಲ್ಲಿ —