ಸಾಹೇಬರ ಕಿವಿಗಿಟ್ಟ ಅತ್ತರು

೧೯೬೧ರಲ್ಲಿ ಸವಣೂರಿನ ಹೈಸ್ಕೂಲಿನಲ್ಲಿ ವಿಜ್ಞಾನವೆಂದರೆ ಒಂದು ಕಪಾಟು. ಅದರೊಳಗೆ ಒಂದೇ ತಟ್ಟೆ ಉಳಿದಿದ್ದ ತಕ್ಕಡಿ, ಕೆಲವು ಗಾಜಿನ ನಳಿಗೆಗಳು, ಮತ್ತು ಮುಂಬಯಿಯ ಬಣ್ಣದ ಕಾರ್ಖಾನೆಯಲ್ಲಿದ್ದ ಊರಿನವರೊಬ್ಬರು ದಾನ ಕೊಟ್ಟ ಕಂದು ಬಾಟಲಿ. ಬಾಟಲಿಯ ಮೇಲೆ ಗ್ಲೈಕಾಲ್ ಈಥರ್ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಇಂಗ್ಲಿಷಿನಲ್ಲಿ ಬರೆದದ್ದರಿಂದ ಅದು ಒಳ್ಳೆಯ ವಸ್ತುವೇ ಇರಬೇಕೆಂದು ಹೆಡ್‌ಮಾಸ್ತರ ಗುದ್ಲೆಪ್ಪನವರು ತೀರ್ಮಾನಿಸಿದರು.

ನೋಡಲು ನೀರಿನಷ್ಟು ತಿಳಿ, ಮೂಸಿದರೆ ನವಿರಾದ ಸಿಹಿ ವಾಸನೆ. ಬೆರಳಿಗಂಟಿದ ಶಾಯಿ ಒಮ್ಮೆ ಒರೆಸಿದರೆ ಮಾಯ. ಗುದ್ಲೆಪ್ಪನವರು ದಿನಾ ಸಂಜೆ ಅದರಿಂದಲೇ ಕೈ ತೊಳೆಯತೊಡಗಿದರು.

"ಸರ್, ಕೈಗೆ ಹಚ್ಚಬ್ಯಾಡ್ರಿ," ಎಂದ ವಿಜ್ಞಾನದ ಮಾಸ್ತರ ಹೊಳಬಸಪ್ಪ. "ಚರ್ಮದಾಗಿಂದ ಒಳಗ ಇಳೀತೈತ್ರಿ. ತಲಿನೋವು ಬರತೈತಿ, ರಕ್ತ ಕೆಡತೈತಿ."

"ನನ್ನ ತಲಿನೋವು ನೀವಽ ಮಾಸ್ತರ. ಘಮಘಮ ಅನ್ನೋದು ವಿಷ ಹೆಂಗಾಗತೈತಿ? ಸಾಹೇಬರು ಶಾಲಿ ತಪಾಸಣಿ ಮಾಡಿ ಹೋಗೂತನಕ ಬಾಯಿ ಮುಚ್ಚಿಕೊಂಡಿರ್ರಿ. ಕಾಯಂ ಆಗಬೇಕೋ ಬ್ಯಾಡೋ?"

ಆಗಬೇಕಿತ್ತು. ಹೊಳಬಸಪ್ಪ ಇನ್ನೂ ಹಂಗಾಮಿ. ತಿಳವಳ್ಳಿಯ ಮಂಜಪ್ಪ ತನ್ನ ಮಗಳು ಮಾದೇವಿಯನ್ನು ಕೊಡಲು ಒಪ್ಪಿದ್ದ, ಆದರೆ ಹೊಳಬಸಪ್ಪನಿಗಲ್ಲ, ಕಾಯಂ ನೌಕರಿಗೆ. "ಹುಡುಗ ಹೆಂಗರ ಇರಲಿ, ಆರ್ಡರ್ ಪಕ್ಕಾ ಇರಲಿ," ಎಂದು ಎಲ್ಲರೆದುರಿಗೇ ಹೇಳಿದ್ದ.

ಸವಣೂರಿಗೆ ದೊಡ್ಡವರು ಬಂದರೆ ಅತ್ತರಿನಲ್ಲಿ ಅದ್ದಿದ ಅರಳೆಯನ್ನು ಅವರ ಕಿವಿಯ ಸಂದಿಗಿಟ್ಟೇ ಕೂಡ್ರಿಸಬೇಕು. ನವಾಬರು ಹೋದರು, ಅರಳೆ ಉಳಿಯಿತು. ತಪಾಸಣೆಯ ದಿನ ನೋಡಿದರೆ ಶಾಲೆಯ ಅತ್ತರು ಕುಪ್ಪಿಯ ತಳದಲ್ಲಿ ಒಣಗಿ ಅಂಟಾಗಿ ಕೂತಿದೆ. ಅತ್ತರಿನ ಶಹಾಬುದ್ದೀನ ಅಂಗಡಿಗೆ ಬೀಗ ಹಾಕಿ ಶಿಗ್ಗಾಂವಿಯ ಮದುವೆಗೆ ಹೋಗಿದ್ದಾನೆ. ಗುದ್ಲೆಪ್ಪನವರು ಕಂದು ಬಾಟಲಿಯನ್ನೇ ಕುಪ್ಪಿಗೆ ಬಗ್ಗಿಸಿದರು. ಅಂಟು ತಕ್ಷಣ ಕರಗಿತು.

"ನೋಡ್ರಿ ಮಾಸ್ತರ, ನೀರಿಗೂ ಕೂಡತೈತಿ, ಎಣ್ಣಿಗೂ ಕೂಡತೈತಿ! ಇಂಥಾ ಸ್ವಭಾವ ನಿಮಗ್ಯಾಕಿಲ್ಲ?"

ಸಾಹೇಬರು ಬಂದರು. ಅವರ ಕನ್ನಡಕಕ್ಕೆ, ಊರ ಮಾತಿನ ಚಾಳೀಸಿಗೆ, ಸೆಲ್ಯುಲಾಯ್ಡಿನ ದಪ್ಪ ಕಟ್ಟು. ಗುದ್ಲೆಪ್ಪನವರು ಬಗ್ಗಿ, ತೊಯ್ದು ತೊಟ್ಟಿಕ್ಕುವ ಅರಳೆಯನ್ನು ಚಾಳೀಸಿನ ಕಾಲಿನ ಮೇಲೆಯೇ ಕಿವಿಗೆ ಸಿಕ್ಕಿಸಿದರು. ಸ್ವಾಗತಗೀತೆ ಉದ್ದಕ್ಕಿತ್ತು. ಸಾಹೇಬರು ಹಣೆ ಉಜ್ಜಿಕೊಂಡರು. ಅದನ್ನು ಗುದ್ಲೆಪ್ಪನವರು ಭಾವಪರವಶತೆ ಎಂದು ತಿಳಿದರು. ಗೀತೆ ಮುಗಿದದ್ದೇ ಸಾಹೇಬರು ಸಿಗರೇಟು ತುಟಿಗಿಟ್ಟು ಕಡ್ಡಿಪೆಟ್ಟಿಗೆ ತೆಗೆದರು.

ಹೊಳಬಸಪ್ಪ ಕಿವಿ ನೋಡಿದ, ಕಡ್ಡಿ ನೋಡಿದ. ಆ ದ್ರವದಲ್ಲಿ ತೊಯ್ದ ಅರಳೆ ಕಿಡಿಗೇ ಕಾದು ಕೂತಂಥದು, ಹೊತ್ತಿಕೊಳ್ಳುವುದರಲ್ಲಿ ಸೆಲ್ಯುಲಾಯ್ಡಂತೂ ಅದಕ್ಕಿಂತ ಒಂದು ಕೈ ಮೇಲು. ಗುದ್ಲೆಪ್ಪನವರು ಕಣ್ಣಿನಲ್ಲೇ 'ಕಾಯಂ' ಎಂದರು. ತಿಳವಳ್ಳಿ ದೂರವಾಗುತ್ತಿರುವುದು ಹೊಳಬಸಪ್ಪನಿಗೆ ಕಂಡಿತು. ಆದರೂ ನೆಗೆದು ಕಡ್ಡಿ ಕಸಿದುಕೊಂಡ.

"ಬೆಂಕಿ ಬ್ಯಾಡ್ರಿ ಸಾಹೇಬ್ರ! ಅದು ಅತ್ತರಲ್ಲ!"

ಅರಳೆಯನ್ನು ಎಳೆದ. ಅರಳೆಯ ಜೊತೆ ಚಾಳೀಸಿನ ಕಾಲೂ ಕರಗಿ ಬೆಲ್ಲದ ಪಾಕದಂತೆ ಎಳೆ ಎಳೆಯಾಗಿ ಬಂತು. ಗಾಜುಗಳು ಸಾಹೇಬರ ಮಡಿಲಿಗೆ ಬಿದ್ದವು.

"ಹಂಗಾಮಿ ಮನಷ್ಯಾ ರೀ, ಸ್ವಲ್ಪ ಹಂಗ," ಎಂದರು ಗುದ್ಲೆಪ್ಪನವರು.

ಹೊಳಬಸಪ್ಪ ಅರಳೆಯನ್ನು ಅಂಗಳದ ಕಲ್ಲಿನ ಮೇಲಿಟ್ಟು, ದೂರ ನಿಂತು ಕಡ್ಡಿ ಗೀರಿ ಎಸೆದ. ಧಗ್ಗೆಂದಿತು. ಆ ಶಾಲೆಯಲ್ಲಿ ವಿದ್ಯಾರ್ಥಿಗಳು ಕಂಡ ಮೊದಲ ಪ್ರಯೋಗ ಅದೇ. ಅವರು ಚಪ್ಪಾಳೆ ತಟ್ಟಿದರು.

"ಮೊದಲ ಸಬಕಾರ ಹಚ್ಚಿ ಕಿವಿ ತೊಳಕೊಳ್ರಿ," ಎಂದ ಹೊಳಬಸಪ್ಪ. "ಉರಿಯೋದು ಒಂದು ಅಪಾಯ. ಚರ್ಮದಾಗಿಂದ ಇಳಿಯೋದು ಇನ್ನೊಂದು. ನೋವಿಲ್ಲ, ತುರಿಕಿಲ್ಲ, ಅದಕ್ಕಽ ಯಾರೂ ಹೆದರೂದಿಲ್ಲ."

"ಬಾಟ್ಲಿ ವಿಜ್ಞಾನ ವಿಭಾಗದ್ದು ರೀ," ಎಂದರು ಗುದ್ಲೆಪ್ಪನವರು.

"ಅರಳಿ ಇಟ್ಟ ಕೈ ಯಾವ ವಿಭಾಗದ್ದು?" ಎಂದರು ಸಾಹೇಬರು, ಕಿವಿ ತೊಳೆದುಕೊಳ್ಳುತ್ತ.

ಇಷ್ಟಾದರೂ ವರದಿ ಬರೆಯಲೇಬೇಕು. ಸಾಹೇಬರಿಗೆ ಚಾಳೀಸಿಲ್ಲದೆ ಅಕ್ಷರ ಕಾಣುತ್ತಿರಲಿಲ್ಲ. ಗುದ್ಲೆಪ್ಪನವರ ಕೈ ನಡುಗುತ್ತಿತ್ತು. ಅದು ಹೆದರಿಕೆಯೋ ದಿನಾ ಸಂಜೆಯ ಕೈತೊಳೆತವೋ, ಯಾರೂ ಕೇಳಲಿಲ್ಲ.

"ನೀವಽ ಬರೀರಿ ಮಾಸ್ತರ," ಎಂದರು ಸಾಹೇಬರು. "ವಿಜ್ಞಾನ ಬೋಧನೆ, ತೃಪ್ತಿಕರ. ಮಾಸ್ತರನ್ನ ಕಾಯಂ ಮಾಡಬೇಕು. ಬಾಟ್ಲಿ ಕೀಲಿಯೊಳಗ ಇಡಬೇಕು, ಕೀಲಿ ಅವರ ಕಡೆ. ಆತಿಥ್ಯ... ಮರೆಯಲಾರದ್ದು, ಅಂತ ಬರೀರಿ."

ಆ ಕೊನೆಯ ಮಾತಿಗೆ ಗುದ್ಲೆಪ್ಪನವರು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು.

ಮದುವೆ ತಿಳವಳ್ಳಿಯಲ್ಲಾಯಿತು. ಹಂದರದ ಬಾಗಿಲಲ್ಲಿ ಗುದ್ಲೆಪ್ಪನವರು ಗಂಡಿನ ಕಡೆಯವರಾಗಿ ಅತ್ತರಿನ ಕುಪ್ಪಿ ಹಿಡಿದು ನಿಂತಿದ್ದರು. ಬೀಗರಲ್ಲವೇ ಎಂದು ಮಂಜಪ್ಪ ಚಾಳೀಸು ಸರಿಮಾಡಿಕೊಂಡು ಕಿವಿ ಒಡ್ಡಿದ. ಬಾಸಿಂಗ ಕಟ್ಟಿಕೊಂಡ ಮದುಮಗ ಮಣೆಯಿಂದೆದ್ದು ಓಡಿಬಂದು ಅರಳೆಯನ್ನು ಮೂಸಿದ.

"ಶಹಾಬುದ್ದೀನನ ಅಂಗಡೀದಽ ಐತ್ರಿ ಮಾಸ್ತರ," ಎಂದರು ಗುದ್ಲೆಪ್ಪನವರು, ನೊಂದ ಧ್ವನಿಯಲ್ಲಿ. "ನನ್ನ ಮ್ಯಾಲ ಅಷ್ಟೂ ವಿಶ್ವಾಸಿಲ್ಲೇನು?"

"ಐತ್ರಿ ಸರ್," ಎಂದ ಹೊಳಬಸಪ್ಪ. "ಮಾವಾರ, ಚಾಳೀಸು ತೆಗದು ಕಿಸೇದಾಗ ಇಟಗೋರಿ."