ಬಲಗಡೆಯ ಕರ್ಚೀಫು

ನಮ್ಮಕ್ಕ ಗಾಜಿನವರ ಜೊತೆ ಮದುವೆ ಯಾಕೆ ಬೇಡ ಅಂದಳು ಎಂದು ನಾನು ಅರ್ಧ ಆಯುಷ್ಯ ತಲೆ ಕೆಡಿಸಿಕೊಂಡಿದ್ದೇನೆ. ಕೆಲವರು ಜಂಬ ಅಂದರು. ಬೇರೆ ಯಾರ ಮೇಲೋ ಮನಸ್ಸಿದೆ ಅಂತ ಇನ್ನು ಕೆಲವರು ಕಥೆ ಕಟ್ಟಿದರು. ಅಮ್ಮ ಅವಳ ಹಣೆಬರಹ ಅಂದು ಸುಮ್ಮನಾದಳು. ನಿಜವಾದ ಕಾರಣ ನನಗೆ ತಿಳಿದದ್ದು ಹೋದ ಭಾನುವಾರ, ಒಬ್ಬರು ತಿರುಗಿದರೆ ಇನ್ನೊಬ್ಬರು ಗೋಡೆಗೆ ಅಂಟಿಕೊಳ್ಳಬೇಕಾದಂಥ ಒಂದು ಟ್ರಯಲ್ ರೂಮಿನಲ್ಲಿ. ತಿಳಿಯದೇ ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಕ್ಕ ಕೆಲಸ ಮಾಡುವುದು ಕನ್ನಡಕದ ಅಂಗಡಿಯಲ್ಲಿ. ಕಣ್ಣು ಪರೀಕ್ಷಿಸುವವರು ಬೇರೆ ಇದ್ದಾರೆ. ಫ್ರೇಮನ್ನು ಮುಖಕ್ಕೆ ಕೂರಿಸುವುದು ಇವಳ ಪಾಲಿನದು. ಮೇಜಿನ ಮೇಲೆ ಸಣ್ಣ ಗಾಜಿನ ಮಣಿ ತುಂಬಿದ ಒಂದು ಬಿಸಿ ಡಬ್ಬಿ ಇದೆ. ಕನ್ನಡಕದ ಕಡ್ಡಿಯನ್ನು ಅದರಲ್ಲಿ ಹುಗಿದು, ಮೆತ್ತಗಾಗುತ್ತಲೇ ತೆಗೆದು, ಕಿವಿಯ ಹಿಂದೆ ಸರಿಯಾಗಿ ಕೂರುವ ಹಾಗೆ ಬಗ್ಗಿಸುತ್ತಾಳೆ. ಕನ್ನಡಕ ಒಂದು ಕಡೆ ಜಾರುತ್ತದೆ ಅಂತ ಗೊಣಗಿಕೊಂಡು ಬಂದವರಿಗೆಲ್ಲ ಅವಳದು ಒಂದೇ ಮಾತು: "ನಿಮ್ಮ ಒಂದು ಕಿವಿ ಒಂಚೂರು ಕೆಳಗಿದೆ. ಗಾಬರಿ ಆಗ್ಬೇಡಿ, ಎಲ್ಲರಿಗೂ ಹಾಗೇ." ಬಂದವರು ಕಿವಿ ಮುಟ್ಟಿ ನೋಡಿಕೊಂಡು ನಗುತ್ತಾರೆ, ನಿರಾಳವಾಗಿ ಹೋಗುತ್ತಾರೆ.

ಗಾಜಿನವರು ಅಂದರೆ ಲೆನ್ಸ್ ಉಜ್ಜುವ ಕಾರ್ಖಾನೆಯಲ್ಲಿದ್ದ ಒಬ್ಬರು. ಅಕ್ಕ ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರೂ ಎಳೆಯರು, ಅಂಗಡಿಗೆ ಲೆನ್ಸ್ ತಂದುಕೊಡುತ್ತಿದ್ದರು. ಡಬ್ಬ ಇಟ್ಟು ಹೋಗುವ ಕೆಲಸಕ್ಕೆ ಅರ್ಧ ದಿನ ನಿಲ್ಲುತ್ತಿದ್ದರು. ಅವರು ಬರುವ ದಿನ ಅಕ್ಕ ಎರಡೆರಡು ಸಲ ತಲೆ ಬಾಚುತ್ತಿದ್ದಳು. ಕಣ್ಣಿದ್ದವರಿಗೆಲ್ಲ ಕಾಣುತ್ತಿತ್ತು. ಅವರು ಮದುವೆಯಾಗೋಣವೇ ಅಂತ ಕೇಳಿದರು, ಇವಳು ಬೇಡ ಅಂದಳು. ವರ್ಷ ಬಿಟ್ಟು ಮತ್ತೆ ಕೇಳಿದರು. ಆಗಲೂ ಬೇಡ ಅಂದು, ಮನೆಗೆ ಬಂದು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಅತ್ತಳು. ಬೇಡ ಅಂದವಳೂ ಇವಳೇ, ಅಳುವವಳೂ ಇವಳೇ! ನನಗೆ ಮೈಯೆಲ್ಲ ಉರಿದುಹೋಗಿತ್ತು.

ಅವರು ಬೇರೆಯವರನ್ನು ಮದುವೆಯಾದರು, ಮಕ್ಕಳಾದರು, ಕಾರ್ಖಾನೆ ಅವರದೇ ಆಯಿತು. ಈಗಲೂ ವಾರಕ್ಕೊಮ್ಮೆ ತಾವೇ ಲೆನ್ಸಿನ ಡಬ್ಬ ಹಿಡಿದುಕೊಂಡು ಬರುತ್ತಾರೆ. ಅಕ್ಕ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಒಬ್ಬಳೇ ಇದ್ದಾಳೆ. ಅಂಗಡಿಯ ಬಿಳಿ ಕೋಟನ್ನು ಕತ್ತಿನವರೆಗೂ ಗುಂಡಿ ಹಾಕಿಕೊಂಡು, ಮುಂದಕ್ಕೆ ಬಾಗಿಕೊಂಡು ಓಡಾಡುತ್ತಾಳೆ. ಬಟ್ಟೆ ಒಗೆಯುವವಳು ನಾನು. ಅವಳ ಬಟ್ಟೆಯಲ್ಲಿ ದಿನವೂ ಒಂದು ಕರ್ಚೀಫು ಇರುತ್ತಿತ್ತು, ನಾಲ್ಕು ಮಡಿಕೆ ಹಾಕಿದ್ದು. "ನೆಗಡಿ ಇಲ್ಲ, ಕೆಮ್ಮಿಲ್ಲ, ಅದೇನು ದಿನಾ ಒರೆಸ್ಕೋತೀಯೋ ಮಾರಾಯ್ತಿ" ಎಂದು ನಾನು ರೇಗಿಸುತ್ತಿದ್ದೆ. ಅವಳು ಒಣಗಿದ ಕರ್ಚೀಫು ಎತ್ತಿಕೊಂಡು ಮಹಡಿ ಹತ್ತುತ್ತಿದ್ದಳು.

ಈಚೆಗೆ ಅವಳ ಎಡಭುಜ ಹಿಡಿದುಕೊಂಡಿತು. ಕೈ ಎತ್ತಲಾಗದೆ ನರಳುತ್ತಿದ್ದವಳನ್ನು ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಎಕ್ಸ್‌ರೇ ನೋಡಿದರು, ಭುಜ ನೋಡಿದರು. ಎಡಭುಜದ ಮೇಲೆ ಪಟ್ಟಿ ಕೊರೆದು ಗುಳಿ ಬಿದ್ದಿತ್ತು. "ಮೂಳೆ ಚೆನ್ನಾಗಿದೆ. ಮೊದಲು ಅಳತೆ ಕೊಟ್ಟು ಸರಿಯಾದ ಬ್ರಾ ತಗೊಳ್ಳಿ" ಅಂದರು ಆ ಡಾಕ್ಟರಮ್ಮ. ಅಳತೆ ಅಂದ ಕೂಡಲೇ ಅಕ್ಕನ ಮುಖ ಸಪ್ಪಗಾಯಿತು.

"ನಾನೇ ತಗೋತೀನಿ, ನಂಬರ್ ಗೊತ್ತು ನಂಗೆ" ಅಂತ ದಾರಿಯುದ್ದಕ್ಕೂ ರಾಗ ಎಳೆದಳು.

"ನಿನ್ನ ನಂಬರ್ ನೋಡಿದ್ದಾಯ್ತಲ್ಲ, ಭುಜದಲ್ಲಿ ಹಳ್ಳ ಬಿದ್ದಿದೆ. ಬಾಯಿ ಮುಚ್ಕೊಂಡು ಬಾ" ಅಂದೆ.

ಹೆಂಗಸರ ಸಾಮಾನಿನ ಅಂಗಡಿಯ ಹುಡುಗಿ ಕೊರಳಿಗೆ ಟೇಪು ಹಾಕಿಕೊಂಡು ನಿಂತಿದ್ದಳು. ಏನು ಬೇಕು ಆಂಟಿ ಎಂದಳು. ಅಕ್ಕ ನೆಲ ನೋಡುತ್ತ, ನಮ್ಮ ಅಮ್ಮನ ಕಾಲದ ಮಾತಿನಲ್ಲಿ "ಬಾಡಿ" ಅಂದಳು.

"ಬಾಡಿ ಲೋಷನ್ ಆ ಕಡೆ ಕೌಂಟರಲ್ಲಿ."

"ಲೋಷನ್ ಅಲ್ಲಮ್ಮ, ಬ್ರಾ! ಬ್ರಾ!" ಅಂದೆ ನಾನು. ನನ್ನ ಗಂಟಲು ನಿಮಗೆ ಗೊತ್ತಿಲ್ಲ. ಬಾಗಿಲಾಚೆ ಹೆಂಡತಿಗಾಗಿ ಕಾಯುತ್ತಿದ್ದ ಗಂಡಸೊಬ್ಬ ಬೆಚ್ಚಿ ತಿರುಗಿ ನೋಡಿದ. ಅಕ್ಕ ನನ್ನ ತೋಳು ಚಿವುಟಿದಳು.

ಟ್ರಯಲ್ ರೂಮಿಗೆ ತಾನೊಬ್ಬಳೇ ಹೋಗುತ್ತೇನೆ ಅಂತ ಹಟ ಹಿಡಿದಳು. ಕೈ ಮೇಲೇಳುವುದಿಲ್ಲ, ಹುಕ್ಕು ಯಾರು ಬಿಚ್ಚಬೇಕು? ನಾನೂ ನುಗ್ಗಿದೆ. ಹುಡುಗಿ ಹಿಂದೆಯೇ ಬಂದು ಪರದೆ ಎಳೆದಳು. ನಾನು ಬೆನ್ನ ಹಿಂದಿನ ಹುಕ್ಕು ಬಿಚ್ಚಿದೆ. ಅಕ್ಕ ಎರಡೂ ಕೈಯಿಂದ ಎದೆ ಅವಚಿಕೊಳ್ಳಲು ಹೋದಳು, ನೋವಿಗೆ ಎಡಗೈ ಅರ್ಧಕ್ಕೇ ನಿಂತಿತು. ಬಲಗಡೆಯಿಂದ ಏನೋ ಜಾರಿ ನನ್ನ ಪಾದದ ಮೇಲೆ ಬಿತ್ತು. ನಾಲ್ಕು ಮಡಿಕೆ ಹಾಕಿದ ಕರ್ಚೀಫು.

ನನಗೆ ಒಂದು ಕ್ಷಣ ಏನೂ ಹೊಳೆಯಲಿಲ್ಲ. ಅಕ್ಕ ಕಣ್ಣು ಮುಚ್ಚಿಕೊಂಡಿದ್ದಳು. ಹುಡುಗಿಗೆ ಮಾತ್ರ ಅದು ಲೆಕ್ಕಕ್ಕೇ ಇರಲಿಲ್ಲ. ಟೇಪು ಸುತ್ತಿ, ನೋಡಿ, ಪಟಪಟ ಅಂತ ಹೇಳಿಕೊಂಡು ಹೋದಳು.

"ನಿಮ್ಮದು ಎಡಗಡೆ ದೊಡ್ಡದು ಆಂಟಿ. ನೀವು ಎರಡಕ್ಕೂ ನಡುವಿನ ಅಳತೆ ತಗೊಂಡಿದ್ದೀರ, ಅದಕ್ಕೇ ಎಡಗಡೆ ಹಿಡಿತಾ ಇರೋದು, ಬಲಗಡೆ ಸಡಿಲ ಆಗಿರೋದು. ಯಾವಾಗ್ಲೂ ದೊಡ್ಡದಕ್ಕೆ ಅಳತೆ ತಗೋಬೇಕು. ಇನ್ನೊಂದು ಕಡೆಗೆ ತೆಳ್ಳಗೆ ಪ್ಯಾಡ್ ಬರುತ್ತೆ, ಒಳಗೇ ಜೇಬಿದೆ, ಕರ್ಚೀಫ್ ಎಲ್ಲಾ ಬೇಡ. ಕೆಳಗಡೆ ತುಂಬಿರೋ ಶೇಪು ನಿಮ್ಮದು, ಪೂರ್ತಿ ಮುಚ್ಚೋ ಕಪ್ ಇರೋದು ಕೊಡ್ತೀನಿ."

"ಪ್ಯಾಡು... ಅಂಗಡೀಲೇ ಸಿಗುತ್ತಾ?" ಅಕ್ಕನ ದನಿ ನನಗೇ ಸರಿಯಾಗಿ ಕೇಳಲಿಲ್ಲ. "ಬೇರೆಯವರೂ ತಗೋತಾರಾ?"

ಹುಡುಗಿ ನಕ್ಕುಬಿಟ್ಟಳು. "ಎರಡೂ ಸರಿಸಮ ಇರೋರು ಎಲ್ಲಿದ್ದಾರೆ ಆಂಟಿ? ಸ್ವಲ್ಪ ಹೆಚ್ಚು, ಸ್ವಲ್ಪ ಕಮ್ಮಿ, ಎಲ್ಲರಿಗೂ ಹಾಗೇ."

"ಎಲ್ಲರಿಗೂ?" ಅಂದಳು ಅಕ್ಕ.

"ಹೂಂ, ಎಲ್ಲರಿಗೂ." ಹುಡುಗಿ ಡಬ್ಬ ತರಲು ಹೋದಳು.

ತಂದದ್ದನ್ನು ಅವಳೇ ತೊಡಿಸಿದಳು. ಬೆನ್ನ ಪಟ್ಟಿಯೊಳಗೆ ಎರಡು ಬೆರಳು ಹಾಕಿ ಎಳೆದು ನೋಡಿದಳು, ಭುಜದ ಪಟ್ಟಿ ಸಡಿಲಿಸಿದಳು, ಬಲಗಡೆ ಪ್ಯಾಡ್ ತೂರಿಸಿದಳು. ಈಗ ಉಸಿರೆಳೀರಿ ಅಂದಳು. ಅಕ್ಕ ಎಳೆದಳು. ಎಷ್ಟೋ ವರ್ಷದ ಮೇಲೆ ನಮ್ಮಕ್ಕ ನೆಟ್ಟಗೆ ನಿಂತಿದ್ದನ್ನು ನಾನು ನೋಡಿದೆ. ಅವಳು ನನಗಿಂತ ಎತ್ತರ ಅನ್ನುವುದೇ ಮರೆತುಹೋಗಿತ್ತು.

ಹುಡುಗಿ ಆಚೆ ಹೋದ ಮೇಲೆ ಅಕ್ಕ ಅಲ್ಲಿದ್ದ ಸ್ಟೂಲಿನ ಮೇಲೆ ಕುಸಿದಳು. ನನಗೆ ಅಷ್ಟರಲ್ಲಿ ಎಲ್ಲ ಅರ್ಥವಾಗಿತ್ತು. ಅರ್ಥವಾದದ್ದೇ ತಡ, ನನ್ನ ಹಾಳು ಸಿಟ್ಟು ನೆತ್ತಿಗೇರಿತು.

"ಇದಕ್ಕಾ? ಇದಕ್ಕೆ ಅವರನ್ನ ಬೇಡ ಅಂದ್ಯಾ?"

"ಮದುವೆ ಆದ್ಮೇಲೆ ಗೊತ್ತಾಗಿದ್ರೆ ಮೋಸ ಮಾಡಿದ್ಲು ಅಂದ್ಕೊಳ್ತಿದ್ರು ಕಣೇ. ಮೊದಲೇ ಹೇಳೋಣ ಅಂದ್ರೆ ಏನಂತ ಹೇಳ್ಲಿ? ಅದು ಬಾಯಲ್ಲಿ ಬರೋ ಮಾತಾ?"

"ನನ್ನ ಕೇಳೋಕೆ ಏನಾಗಿತ್ತು ಧಾಡಿ ನಿಂಗೆ?"

"ನೀನಾ? ಊರಿಗೆಲ್ಲ ಡಂಗುರ ಸಾರ್ತಿದ್ದೆ."

ಒಂದೇ ಕೋಣೆಯಲ್ಲಿ ಬೆಳೆದವರು ನಾವು. ಬಟ್ಟೆ ಬದಲಿಸುವಾಗ ಅವಳು ಈ ಗೋಡೆಗೆ, ನಾನು ಆ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದೆವು. ಅಮ್ಮ ಕಲಿಸಿದ ಮರ್ಯಾದೆ ಅದು.

"ನಾನು ನೋಡಿದ್ದು ಅಂಗಡಿ ಬೊಂಬೆ ಒಂದನ್ನೇ" ಅಂದಳು ಅಕ್ಕ, ಕರ್ಚೀಫನ್ನು ತೊಡೆಯ ಮೇಲೆ ಬಿಡಿಸಿ ಮತ್ತೆ ಮಡಚುತ್ತ. "ಅದಕ್ಕೆ ಎರಡೂ ಸಮ ಇತ್ತು. ನಂಗೊಬ್ಬಳಿಗೇ ದೇವರು ಹೀಗೆ ಮಾಡಿದಾನೆ ಅಂದ್ಕೊಂಡೆ."

ನನಗೆ ಅಳು ಬಂತು, ಅತ್ತೆ. ಅವಳು ಅಳಲಿಲ್ಲ.

ಮನೆಗೆ ಬಂದು, ಬಾಗಿಲು ಹಾಕಿಕೊಂಡು, ಕನ್ನಡಿ ಮುಂದೆ ನಿಂತೆ. ನನ್ನದೂ ಸಮ ಇಲ್ಲ. ಬಲಗಡೆ ದೊಡ್ಡದು, ಎದ್ದು ಕಾಣುವಷ್ಟು ದೊಡ್ಡದು. ಇಷ್ಟು ವರ್ಷ ಸಂಸಾರ ಮಾಡಿ, ಎರಡು ಮಕ್ಕಳಿಗೆ ಹಾಲು ಕುಡಿಸಿ, ಒಂದು ದಿನವೂ ನಾನದನ್ನು ಗಮನಿಸಿರಲಿಲ್ಲ. ಆಚೆ ಬಂದು, ಪೇಪರ್ ಓದುತ್ತಿದ್ದ ಯಜಮಾನರನ್ನು ಕೇಳಿದೆ.

"ರೀ, ನನ್ನವು ಎರಡೂ ಒಂದೇ ಥರ ಇದ್ದಾವಾ?"

"ಏನು? ಕಣ್ಣಾ?" ಅಂದರು.

ಏನೆಂದು ಬಿಡಿಸಿ ಹೇಳಿದೆ. ಅವರು ಪೇಪರ್ ಕೆಳಗಿಳಿಸಿ, ನನಗೇನಾದರೂ ತಲೆ ಕೆಟ್ಟಿದೆಯಾ ಅನ್ನುವ ಹಾಗೆ ನೋಡಿದರು. "ಅದನ್ನೆಲ್ಲ ಯಾರು ನೋಡ್ತಾರೆ ಮಾರಾಯ್ತಿ?" ಅಂದು ಮತ್ತೆ ಪೇಪರ್ ಎತ್ತಿಕೊಂಡರು.

ಬೇರೆ ದಿನವಾಗಿದ್ದರೆ ಈ ಮಾತನ್ನು ಮಹಡಿ ಹತ್ತಿ ಅಕ್ಕನಿಗೆ ಹೇಳಿ, ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದೆವು. ಮೆಟ್ಟಿಲವರೆಗೂ ಹೋದೆ. ಗಂಡಸರು ಅದನ್ನು ನೋಡುವುದೇ ಇಲ್ಲವಂತೆ ಅಂತ ಅವಳಿಗೆ ಯಾವ ಬಾಯಲ್ಲಿ ಹೇಳಲಿ? ಹುಟ್ಟಿದ ಮೇಲೆ ಮೊದಲ ಸಲ ಒಂದು ಮಾತನ್ನು ನುಂಗಿಕೊಂಡು ವಾಪಸ್ಸು ಬಂದೆ.

ಮಾರನೆಯ ದಿನ ಅಕ್ಕ ಊಟದ ಡಬ್ಬಿ ಮರೆತು ಹೋಗಿದ್ದಳು. ಕೊಟ್ಟು ಬರೋಣ ಅಂತ ಅಂಗಡಿಗೆ ಹೋದೆ. ಗಾಜಿನವರು ಆಗಲೇ ಬಂದಿದ್ದರು. ಲೆನ್ಸಿನ ಡಬ್ಬ ಮೇಜಿನ ಮೇಲಿತ್ತು. ತಲೆಯೆಲ್ಲ ಬೆಳ್ಳಗಾಗಿದೆ, ನಗು ಮಾತ್ರ ಹಾಗೆಯೇ ಇದೆ. ಮೊಮ್ಮಗಳು ಕನ್ನಡಕ ಎಳೆದು ಸೊಟ್ಟ ಮಾಡಿದ್ದಾಳೆ ಅಂತ ಅದನ್ನು ಅಕ್ಕನ ಕೈಗೆ ಕೊಟ್ಟರು.

ಅಕ್ಕ ನೆಟ್ಟಗೆ ನಿಂತಿದ್ದಳು. ಬಿಳಿ ಕೋಟಿನ ಮೇಲಿನ ಗುಂಡಿ ಬಿಚ್ಚಿತ್ತು. ಕನ್ನಡಕವನ್ನು ಅವರ ಮುಖಕ್ಕೆ ಇಟ್ಟು, ತಲೆ ವಾಲಿಸಿ ನೋಡಿ, ಎಂದಿನ ಹಾಗೆ ಶುರು ಮಾಡಿದಳು.

"ನಿಮ್ಮ ಎಡಗಿವಿ ಒಂಚೂರು ಕೆಳಗಿದೆ. ಗಾಬರಿ ಆಗ್ಬೇಡಿ..."

ಅಲ್ಲಿಗೇ ನಿಂತಳು.

"ಎಲ್ಲರಿಗೂ ಹಾಗೇ!" ಅಂತ ಗಾಜಿನವರೇ ಪೂರ್ತಿ ಮಾಡಿ ನಕ್ಕರು. "ಎಷ್ಟು ವರ್ಷದಿಂದ ಕೇಳ್ತಾ ಇದ್ದೀನಿ, ನಂಗೂ ಬಾಯಿಪಾಠ ಆಗಿದೆ."

ಅಕ್ಕ ಕನ್ನಡಕ ತೆಗೆದುಕೊಂಡು, ಕಡ್ಡಿಯನ್ನು ಬಿಸಿ ಮಣಿಗಳೊಳಗೆ ಹುಗಿದು, ಅದನ್ನೇ ನೋಡುತ್ತ ನಿಂತಳು. ನಾನು ಡಬ್ಬಿ ಹಿಡಿದುಕೊಂಡು ಬಾಗಿಲಲ್ಲೇ ಇದ್ದೆ. ಅವರು ಮೊಮ್ಮಗಳ ಕಿತಾಪತಿ ಹೇಳುತ್ತಲೇ ಇದ್ದರು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ನನ್ನ ಮೂಗಿಗೆ ಬಡಿದ ಮೇಲೆಯೇ ಅಕ್ಕ ಬೆಚ್ಚಿ ಕಡ್ಡಿ ಎಳೆದಳು. ಅದು ಕರಗಿ ಬಾಲದ ಹಾಗೆ ಸುರುಟಿತ್ತು. ಇಷ್ಟು ವರ್ಷದ ಕೆಲಸದಲ್ಲಿ ಅಕ್ಕ ಒಂದು ಫ್ರೇಮನ್ನೂ ಕೆಡಿಸಿದವಳಲ್ಲ.

"ಅಯ್ಯೋ, ಹೋಗ್ಲಿ ಬಿಡಿ, ಹಳೇದು" ಅಂದರು ಗಾಜಿನವರು, ಅವಳ ಮುಖ ನೋಡಿ. ಆಮೇಲೆ ಅವಳನ್ನು ನಗಿಸಲೆಂದೇ ಸೇರಿಸಿದರು, "ಅಲ್ಲಾ, ಬಿಸಿ ತಡೆಯಲ್ಲ ಅಂತ ಮೊದಲೇ ಒಂದು ಮಾತು ಹೇಳಬಾರದಿತ್ತಾ? ಹೊಸದೇ ತಗೋತಿದ್ದೆ."

ಅಕ್ಕ ತಲೆಯೆತ್ತಿ ಅವರನ್ನೇ ನೋಡಿದಳು.

"ಮೊದಲು ನಂಗೂ ಗೊತ್ತಿರಲಿಲ್ಲ" ಅಂದಳು.